ನಾನು ಹೇಳಿದ ಆನೆ

ಮೊದಲು ಹೂವಿನ ವಿಷಯ ಹೇಳಿಬಿಡುತ್ತೇನೆ, ನಾನು ಸಿಕ್ಕಿಬಿದ್ದದ್ದು ಅಲ್ಲಿ.

ಬೆಳಗೋಡಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಸ್ಟೋರಿನ ಮುಂದೆ ಆಳುಗಳ ಹಾಜರಿ ತೆಗೆದುಕೊಳ್ಳುವುದು, ಎಂಟು ಗಂಟೆಗೆ ಮಳೆ ಅಳೆದು ಪುಸ್ತಕಕ್ಕೆ ಬರೆಯುವುದು ನನ್ನ ಕೆಲಸ. ಮಳೆ ಬರದ ದಿನವೂ ಬರೆಯಬೇಕು, ಆ ದಿನದ ಎದುರು ಒಂದು ಗೆರೆ ಎಳೆಯಬೇಕು. ಇಷ್ಟು ವರ್ಷ ಈ ಪುಸ್ತಕ ಬರೆದವನಿಗೆ ಕಾಫಿ ಹೂವು ಯಾವಾಗ ಬಿಡುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಗೊತ್ತಿರಬೇಕು. ಬೇಸಿಗೆಯ ಮೊದಲ ಒಳ್ಳೆಯ ಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ. ಅದಕ್ಕೆ ಮೊದಲು ಇಲ್ಲ.

ಗೊತ್ತಿದ್ದೂ ನಾನು ಇಪ್ಪತ್ತು ಜನರ ಮುಂದೆ ಮಳೆಯಿಲ್ಲದೆ ಹೂವು ಬಿಡಿಸಿದೆ.

ನಮ್ಮ ಚರ್ಚಿನ ಕುಟುಂಬಗಳು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಜಪಸರ ಪ್ರಾರ್ಥನೆ ಮಾಡುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ, ಕಾಫಿ ಬರುವ ಮುಂಚೆ, ಯಾರಾದರೂ ಎದ್ದು ನಿಂತು ತನ್ನ ಬದುಕಿನಲ್ಲಿ ದೇವರು ಏನು ಮಾಡಿದ ಎಂದು ಹೇಳಬೇಕು. ಇದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತೇವೆ. ಕಾಯಿಲೆ ವಾಸಿಯಾದದ್ದು, ಕುಡಿತ ಬಿಟ್ಟದ್ದು, ಕಳೆದುಹೋದ ಹಸು ಸಿಕ್ಕಿದ್ದು, ಹೀಗೆ. ಎರಡು ವರ್ಷದ ಹಿಂದೆ ಒಂದು ಜೂನ್ ಸಂಜೆ ಯಾರೂ ಏಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದೆ.

ನಾನು ಹೇಳಿದ್ದು ಇಷ್ಟು. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಮರುದಿನ ಬೆಳಿಗ್ಗೆ ಹಾಜರಿಗೆಂದು ಹಳ್ಳದ ದಾರಿಯಲ್ಲಿ ಹೋಗುತ್ತಿದ್ದೆ. ಕಾಫಿ ಹೂವು ಬಿಟ್ಟಿತ್ತು. ಬಂಡೆಯ ಪಕ್ಕ ತಿರುಗಿದರೆ ಹತ್ತು ಹೆಜ್ಜೆ ಮುಂದೆ, ಬಿಳಿ ಹೂವಿನ ನಡುವೆ ಕಪ್ಪಗೆ, ಒಂಟಿ ಸಲಗ. ಓಡಲಿಲ್ಲ. ಜೇಬಿನ ಜಪಸರ ಹಿಡಿದು, ಯೇಸುವೇ ನಿನ್ನ ಕೈಯಲ್ಲಿದ್ದೇನೆ ಎಂದೆ. ಆನೆ ಸೊಂಡಿಲೆತ್ತಿ ನನ್ನನ್ನು ನೋಡಿತು, ತಿರುಗಿತು, ಒಂದು ಗಿಡವನ್ನೂ ಮುರಿಯದೆ ಹೊರಟುಹೋಯಿತು.

ಹೂವಿನ ನಡುವೆ ಆನೆ ಎಂದಾಗ ಹೆಂಗಸರು ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತ್ತು. ಅದನ್ನು ಮಾತ್ರ ನಾನು ಖಂಡಿತವಾಗಿ ನೆನಪಿಟ್ಟುಕೊಂಡಿದ್ದೇನೆ. ಕೂತವರಲ್ಲಿ ಯಾರೋ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡುತ್ತಿದ್ದರು ಎಂಬುದು ನಂತರ ತಿಳಿಯಿತು.

ನನ್ನ ಫೋನಿನಲ್ಲಿ ಮೂರು ಆನೆ ಗ್ರೂಪು, ಎರಡು ಚರ್ಚಿನ ಗ್ರೂಪು, ಒಂದು ಮಳೆ ಗ್ರೂಪು ಇವೆ. ನಮ್ಮ ಕಡೆ ಆನೆ ಗ್ರೂಪು ಇಲ್ಲದೆ ಬೆಳಿಗ್ಗೆ ಬಾಗಿಲು ತೆಗೆಯುವುದು ಕಷ್ಟ. ಹಿಂಡು ಎಲ್ಲಿದೆ, ಯಾವ ಕಡೆ ಹೊರಟಿದೆ ಎಂದು ಅರಣ್ಯದವರು ಹಾಕುತ್ತಾರೆ, ಅದರ ಮೇಲೆ ಊರವರು ಹಾಕುತ್ತಾರೆ, ಅದರ ಮೇಲೆ ಹೋದ ವರ್ಷದ ಫೋಟೋ ಇವತ್ತಿನದೆಂದು ಇನ್ನೊಬ್ಬರು ಹಾಕುತ್ತಾರೆ. ಒಂದೇ ಹಿಂಡು ಒಂದೇ ಹೊತ್ತಿಗೆ ಹೆತ್ತೂರಿನಲ್ಲೂ ಆಲೂರಿನಲ್ಲೂ ಇರುತ್ತದೆ. ಚರ್ಚಿನ ಗ್ರೂಪು ಇದಕ್ಕಿಂತ ಬೇರೆಯೇನಲ್ಲ. ಈ ಪ್ರಾರ್ಥನೆ ಹನ್ನೊಂದು ಜನಕ್ಕೆ ಕಳಿಸಿ, ಕಳಿಸದವರಿಗೆ ಹೀಗಾಯಿತು. ಮೂರು ದಿನ ಜಗತ್ತು ಕತ್ತಲಾಗುತ್ತದೆ, ಮಂತ್ರಿಸಿದ ಮೇಣದಬತ್ತಿ ಮಾತ್ರ ಉರಿಯುತ್ತದೆ. ಆ ಸಂದೇಶ ಬಂದ ವಾರ ನನ್ನ ಹೆಂಡತಿ ಎರಡು ಡಜನ್ ಮೇಣದಬತ್ತಿ ತಂದಿಟ್ಟಳು. ಇನ್ನೂ ಕರೆಂಟು ಹೋದಾಗ ಅವನ್ನೇ ಹಚ್ಚುತ್ತಿದ್ದೇವೆ.

ನಾನು ಇವುಗಳಲ್ಲಿ ಯಾವುದನ್ನೂ ನಂಬುತ್ತಿರಲಿಲ್ಲ. ಅದು ನನಗೊಂದು ಜಂಬವೇ ಆಗಿತ್ತು. ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದಾಗ ಮಾತ್ರ, ಇಲ್ಲಿ ಯಾರೂ ಯಾರದ್ದೋ ಮಾತನ್ನು ನನಗೆ ದಾಟಿಸುತ್ತಿಲ್ಲ, ಇದು ನೇರ, ಎಂದು ಅನ್ನಿಸುತ್ತಿತ್ತು. ಕಾಲ ಕೆಳಗೆ ನೆಲ ಸಿಕ್ಕಂತಾಗುತ್ತಿತ್ತು.

ಈ ಸೆಪ್ಟೆಂಬರಿನಲ್ಲಿ ಮಂಗಳೂರಿನ ನನ್ನ ದೊಡ್ಡಪ್ಪನ ಮಗ ಒಂದು ವಿಡಿಯೊ ಕಳಿಸಿದ. ‘ನಿಮ್ಮ ಕಡೆ ನಡೆದದ್ದಂತೆ, ಕೇಳು’ ಎಂದು ಬರೆದಿದ್ದ. ತೆರೆದೆ. ಹಿಂದೆ ಪಿಟೀಲು, ಮುಂದೆ ಆನೆಯ ಚಿತ್ರ, ಮೇಲೆ ‘ಕೊಡಗಿನ ಕಾರ್ಮಿಕನ ಅದ್ಭುತ ಸಾಕ್ಷಿ’. ಊರು ತಪ್ಪು, ಧ್ವನಿ ನನ್ನದು. ಅವನಿಗೆ ನನ್ನ ಧ್ವನಿ ಗೊತ್ತಾಗಿರಲಿಲ್ಲ.

ಆವತ್ತು ಗೊಬ್ಬರ ಇಳಿಸಲು ಬಂದಿದ್ದ ಪಿಕಪ್‌ನವನಿಗೆ ಅದನ್ನು ತೋರಿಸಿದೆ. ಸಕಲೇಶಪುರದ ಮುಸ್ಲಿಂ ಗೆಳೆಯ, ನನ್ನ ವಯಸ್ಸಿನವನು, ಮೂರು ಆನೆ ಗ್ರೂಪಿನಲ್ಲೂ ಇದ್ದಾನೆ. ಅವನು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನಗತೊಡಗಿದ.

“ಇದ್ರ ಕಿವಿ ನೋಡು ಮಾರಾಯ, ಮೊರದಷ್ಟು ಐತೆ. ಇದು ಆಫ್ರಿಕಾದ್ದು ಕಣೋ. ಅಲ್ಲಿಂದ ನಿಮ್ಮ ಹಳ್ಳಕ್ಕೆ ನಡ್ಕೊಂಡು ಬಂತಾ?”

“ಚಿತ್ರ ಬಿಡು. ಮಾತು ಸರಿ ಐತಲ್ಲ?”

ಅವನು ನಗು ನಿಲ್ಲಿಸಿದ. “ಆವತ್ತು ನೀನು ನಂಗೆ ಹೇಳಿದ್ದು ಬರೀ ಲದ್ದಿ. ಬಿಸಿ ಲದ್ದಿ, ಹೊಗೆ ಆಡ್ತಿತ್ತು, ನೋಡ್ತಿದ್ದಂಗೆ ವಾಪಸ್ ಓಡಿಬಂದ್ಬುಟ್ಟೆ ಅಂದೆ. ಆನೆ ಯಾವಾಗ ಬಂತು?”

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳ ಪ್ರಕಾರ ನಾನು ಏದುಸಿರು ಬಿಡುತ್ತಾ ಬಂದು, ಕಾಫಿಯೊಳಗೆ ಏನೋ ಕಪ್ಪಗಿತ್ತು, ಕೊಂಬೆ ಮುರಿದ ಸದ್ದಾಯಿತು ಎಂದಿದ್ದೆ. “ನೀವು ಹಾಡಿದ್ದು ಬೇರೆ, ಪಟ್ಟ ಪಾಡು ಬೇರೆ ಅಂತ ನಂಗೆ ಅವತ್ತೇ ಗೊತ್ತಿತ್ತು. ಜನ ಎಲ್ಲ ಕಣ್ಣೊರೆಸ್ಕೋತಿದ್ರು, ನಾನ್ಯಾಕೆ ಬಾಯಿ ಹಾಕ್ಲಿ?” ಎಂದಳು.

ನನಗೇ ಏನು ನೆನಪಿದೆ? ಕಣ್ಣು ಮುಚ್ಚಿದರೆ ಬಿಳಿ ಹೂವು, ಕಪ್ಪು ಆನೆ, ಎತ್ತಿದ ಸೊಂಡಿಲು ಕಾಣುತ್ತದೆ. ಆದರೆ ಅದು ಕಾಣುವುದು ನನ್ನದೇ ಧ್ವನಿಯ ಜೊತೆಗೆ, ನಾನು ಹೇಳಿದ ಕ್ರಮದಲ್ಲೇ, ಈಗೀಗ ಸ್ವಲ್ಪ ಪಿಟೀಲಿನ ಜೊತೆಗೂ. ಹಾಗಾಗಿ ಮರುದಿನ ಸ್ಟೋರಿನಲ್ಲಿ ಆ ವರ್ಷದ ಮಳೆ ಪುಸ್ತಕ ತೆಗೆದೆ. ಗರಿಗಳ ಭಾನುವಾರದ ಹಿಂದಿನ ವಾರ ಗೆರೆ. ಅದರ ಹಿಂದಿನ ವಾರವೂ ಗೆರೆ. ಆ ವರ್ಷದ ಮೊದಲ ಮಳೆ ಬಂದದ್ದು ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲೆ, ಒಂದು ಇಂಚು ಹತ್ತು ಸೆಂಟು, ನನ್ನದೇ ಕೈಬರಹದಲ್ಲಿ. ಅಂದರೆ ಆ ಬೆಳಿಗ್ಗೆ ಹಳ್ಳದಲ್ಲಿ ಒಂದು ಹೂವೂ ಇರಲಿಲ್ಲ. ಮೊಗ್ಗು ಒಣಗಿ ನಿಂತಿದ್ದವು.

ಹೂವು ನಾನು ತಂದಿಟ್ಟದ್ದಾದರೆ ಆನೆ? ಪ್ರಾರ್ಥನೆ? ನಾನು ಪ್ರಾರ್ಥಿಸಿದೆ ಎಂಬುದೂ ಹೂವಿನ ಜೊತೆಗೇ ಬಂದದ್ದೇ? ಇಲ್ಲಿ ಬರೆಯುವಾಗ ಒಂದು ಸುಲಭದ ದಾರಿ ಕಾಣುತ್ತಿದೆ, ಎಲ್ಲವೂ ಸುಳ್ಳು ಎಂದು ಒಪ್ಪಿಕೊಂಡು ಹಗುರಾಗುವುದು. ಅದೂ ಇನ್ನೊಂದು ಸಾಕ್ಷಿ, ಅದೂ ಅಷ್ಟೇ ಅಚ್ಚುಕಟ್ಟು. ಒಂದು ವಾಸನೆ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಅದು ಕೆಟ್ಟಿಲ್ಲ: ಹಸಿ ಹುಲ್ಲು ಮತ್ತು ಹಳೇ ಗೋಣಿಚೀಲ ಸೇರಿದಂಥ ವಾಸನೆ. ಈಗ ಇಲ್ಲಿ ಹೇಳಿಬಿಟ್ಟೆ. ನಾಳೆಯಿಂದ ಅದನ್ನೂ ನಂಬಲಾರೆ.

ಆ ಶನಿವಾರ ಪಾಪನಿವೇದನೆಗೆ ಹೋದೆ. ಸುಳ್ಳು ಸಾಕ್ಷಿ ಹೇಳಿದ್ದೇನೋ ಎಂದು ಅನುಮಾನ, ಎಂದೆ. ಫಾದರ್ ಜಾಲರಿಯ ಆ ಕಡೆಯಿಂದ ಕೇಳಿದರು.

“ಅನುಮಾನಕ್ಕೆ ನಾನು ಹೆಂಗಯ್ಯಾ ಕ್ಷಮೆ ಕೊಡ್ಲಿ? ಹೇಳಿದ್ದೀಯೋ ಇಲ್ವೋ?”

“ಗೊತ್ತಿಲ್ಲ ಫಾದರ್. ಹೂವು ಸುಳ್ಳು. ಆನೆ ಗೊತ್ತಿಲ್ಲ.”

“ಹೂವು ಯಾಕೆ ಹಾಕ್ದೆ?”

“ಚೆನ್ನಾಗಿತ್ತು.”

ಅವರು ನಕ್ಕರೋ ಕೆಮ್ಮಿದರೋ. “ದೇವರಿಗೆ ನಿನ್ನ ಹೂವೂ ಬೇಡ, ಆನೆಯೂ ಬೇಡ. ಅವನು ಆವತ್ತು ಅಲ್ಲೇ ಇದ್ದ, ನೋಡಿದ್ದಾನೆ. ನಿನ್ನ ಮಾತು ನಂಬಿ ಯಾರಾದ್ರೂ ನಡೀತಿದ್ರೆ ಅವರಿಗೆ ಹೋಗಿ ಹೇಳು, ಕಂಡಷ್ಟೇ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ.”

ನಂಬಿ ನಡೆಯುವುದು ಎಂದು ಅವರು ಯಾವ ಅರ್ಥದಲ್ಲಿ ಅಂದರೋ. ನನ್ನ ಕಣ್ಣಿಗೆ ಬಂದದ್ದು ನಿಜವಾಗಿ ನಡೆಯುವ ಎರಡು ಕಾಲು.

ಹಳ್ಳದ ಆ ಕಡೆ, ಸ್ಟೋರಿನ ಹಿಂದೆ, ಆಳುಗಳ ಸಾಲುಮನೆಗಳಿರುವ ಕೂಲಿ ಲೈನು. ಈ ಕಡೆ ಟಾರು ರಸ್ತೆಯ ಬದಿ ನನ್ನ ಕ್ವಾರ್ಟರ್ಸು, ಅದರ ಪಕ್ಕ ಕಲ್ಲಿನಲ್ಲಿ ಕಟ್ಟಿದ, ಯೇಸುವಿನ ತಾಯಿ ಮರಿಯಮ್ಮನವರ ಒಂದು ಸಣ್ಣ ಗವಿ. ಹಳ್ಳದ ದಾರಿಯಲ್ಲಿ ಹತ್ತು ನಿಮಿಷ, ರಸ್ತೆ ಸುತ್ತಿ ಬಂದರೆ ಮುಕ್ಕಾಲು ಗಂಟೆ. ಲೈನಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸಿದ್ದಾರೆ. ಮೂವತ್ತು ವರ್ಷ ಇದೇ ಎಸ್ಟೇಟಿನಲ್ಲಿ ಹಣ್ಣು ಬಿಡಿಸಿದವರು, ನಮ್ಮ ಚರ್ಚಿನವರೇ. ನಾನು ದೊಡ್ಡಮ್ಮ ಎನ್ನುತ್ತೇನೆ. ಮೊದಲು ಅವರು ಭಾನುವಾರ ಮಾತ್ರ, ಎಲ್ಲರ ಜೊತೆ, ರಸ್ತೆಯಲ್ಲಿ ಬರುತ್ತಿದ್ದರು. ನನ್ನ ಸಾಕ್ಷಿ ಕೇಳಿದ ಮಾರನೇ ವಾರದಿಂದ ದಿನಾ ಬೆಳಿಗ್ಗೆ ಒಬ್ಬರೇ, ಹಳ್ಳದ ದಾರಿಯಲ್ಲಿ, ಕೈಯಲ್ಲಿ ಜಪಸರ ಹಿಡಿದು ಬಂದು ಗವಿಯಲ್ಲಿ ಮೇಣದಬತ್ತಿ ಹಚ್ಚಿ ಹೋಗುತ್ತಾರೆ. ಎಷ್ಟೋ ಬೆಳಿಗ್ಗೆ ನಾನೇ ಅವರಿಗೆ ಬೆಂಕಿಪೆಟ್ಟಿಗೆ ಕೊಟ್ಟಿದ್ದೇನೆ. ನನ್ನ ಮಾತಿನಿಂದ ಒಬ್ಬರ ಭಕ್ತಿ ಹೆಚ್ಚಿತು ಎಂದು ಒಳಗೊಳಗೇ ಹಿಗ್ಗಿದ್ದೇನೆ. ಗ್ರೂಪಿನಲ್ಲಿ ಆನೆಯ ಸುದ್ದಿ ಇದ್ದ ದಿನಗಳಲ್ಲೂ ಅವರು ಬಂದಿದ್ದರು. ಅವರ ಬಳಿ ಫೋನಿಲ್ಲ.

ಪ್ರಾಯಶ್ಚಿತ್ತವನ್ನು ಮೂರು ವಾರ ತಳ್ಳಿದೆ. ಹೇಳಿದರೆ ಅವರ ನಂಬಿಕೆ ಮುರಿಯಬಹುದು, ಹೇಳದಿದ್ದರೆ ಒಂದು ದಿನ ಆನೆ ಎದುರಾಗಬಹುದು. ದಿನಾ ಬೆಳಿಗ್ಗೆ ಕಿಟಕಿಯಿಂದ ಅವರು ಹಳ್ಳ ಹತ್ತಿ ಬರುವುದನ್ನು ನೋಡಿ, ಇವತ್ತು ಬಂದರಲ್ಲ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ.

ಅಕ್ಟೋಬರ್ ಬಂತು. ಆ ತಿಂಗಳು ಮರಿಯಮ್ಮನವರ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ಮನೆಯಲ್ಲಿ ಒಂದು ದಿನ, ಮರುದಿನ ಸಂಜೆ ಮುಂದಿನ ಮನೆಯವರು ಬಂದು, ನಡೆದೇ, ಹಾಡುತ್ತಾ ಕರೆದುಕೊಂಡು ಹೋಗಬೇಕು. ನಮ್ಮ ಮನೆಯಿಂದ ದೊಡ್ಡಮ್ಮನ ಮನೆಗೆ ಹೋಗುವ ಸರದಿ ಬಂತು. ಐದೂವರೆಗೆ ಅವರು ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಲೈನಿನ ಹನ್ನೆರಡು ಜನರೊಂದಿಗೆ ಬಂದರು. ಅದರಲ್ಲಿ ಬಸುರಿ ಇದ್ದಳು, ಸೊಂಟದ ಮೇಲೆ ಮಗು ಹೊತ್ತವಳಿದ್ದಳು. ಬರುವಾಗ ರಸ್ತೆಯಲ್ಲಿ ಬಂದಿದ್ದರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳತೊಡಗಿತ್ತು. ಒಂದು ಗ್ರೂಪು: ಹಿಂಡು ಮಧ್ಯಾಹ್ನವೇ ಆಲೂರಿನ ಕಡೆ ದಾಟಿದೆ. ಇನ್ನೊಂದು: ಮರಿ ಸಮೇತ ಏಳು ಆನೆ ನಮ್ಮ ಎಸ್ಟೇಟಿನ ಮೇಲಿನ ಕಾಡಿನಲ್ಲಿ. ಮೂರನೆಯದರಲ್ಲಿ ಹಳ್ಳದ್ದೇ ಇರಬಹುದಾದ ಒಂದು ಫೋಟೋ. ಅದರ ಕೆಳಗೆ ‘ಇದು ಹಳೇದು ಕಣ್ರೀ’ ಎಂದು ಒಬ್ಬರು, ‘ನಾನೇ ಈಗ ತೆಗ್ದಿದ್ದು ಕಣಯ್ಯಾ’ ಎಂದು ಇನ್ನೊಬ್ಬರು. ಪಿಕಪ್‌ನವನು ಸಕಲೇಶಪುರಕ್ಕೆ ಖಾಲಿ ಹೊರಟವನು ಗಾಡಿ ನಿಲ್ಲಿಸಿ ನನ್ನ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದ.

“ಯಾವ್ದು ನಿಜ?” ಎಂದೆ.

“ನಾನೇನು ಆನೆ ಮಾವುತನಾ? ರಸ್ತೇಲಿ ಹೋಗಿ ಅಷ್ಟೇ.”

ದೊಡ್ಡಮ್ಮ ಪ್ರತಿಮೆಯನ್ನು ಎತ್ತಿಕೊಂಡಾಗಿತ್ತು. “ರಸ್ತೇಲಿ ಹೋದ್ರೆ ಕತ್ತಲಾಗ್ಬುಡ್ತದೆ. ಬರ್ತಾ ಸುತ್ತಿ ಬಂದು ಈ ಹುಡುಗೀರು ಸುಸ್ತಾಗವ್ರೆ. ಹಳ್ಳದಲ್ಲೇ ಇಳಿಯಾಣ. ತಾಯಿ ಅವ್ಳೆ, ಜೊತೆಗೆ ರೈಟ್ರು ಅವ್ರೆ. ಆನೇನೇ ತಿರುಗ್ಸಿ ಕಳ್ಸಿದೋರು.” ಹಿಂದಿನವರ ಕಡೆ ತಿರುಗಿ, “ನಡೀರಿ, ಹಾಡು ಎತ್ಕೊಳ್ರಿ” ಎಂದರು.

ಹಾಡು ಶುರುವಾಯಿತು. ಅವರು ಅಂಗಳ ದಾಟಿ ಹಳ್ಳದ ದಾರಿಯ ಬಾಯಿಗೆ ಬಂದರು. ನಾನು ಫೋನು ಮೇಲೆ ಕೆಳಗೆ ಉಜ್ಜುತ್ತಿದ್ದೆ. ಇನ್ನೊಂದು ಸಂದೇಶ ಬಂದರೆ ನಾನು ಬಾಯಿ ಬಿಡಬೇಕಾಗಿರಲಿಲ್ಲ, ಆನೆ ಇದೆಯಂತೆ ಎಂದು ಬೇರೆ ಯಾರದೋ ಮಾತಿನ ಹಿಂದೆ ಅಡಗಬಹುದಿತ್ತು. ಬರಲಿಲ್ಲ. ಓಡಿಹೋಗಿ ಅವರ ಮುಂದೆ ನಿಂತೆ.

“ದೊಡ್ಡಮ್ಮ, ನಿಲ್ಲಿ. ಆವತ್ತು ನಾನು ಆನೆ ನೋಡಿದ್ನೋ ಇಲ್ವೋ ನಂಗೆ ಗೊತ್ತಿಲ್ಲ.”

ಹಾಡು ಹಿಂದಿನ ಸಾಲಿನಲ್ಲಿ ಇನ್ನೂ ನಡೆದಿತ್ತು. ಅದೂ ನಿಂತಿತು.

“ಏನಂದ್ರಿ?”

“ಹೂವು ಇರ್ಲಿಲ್ಲ. ಮಳೆನೇ ಆಗಿರ್ಲಿಲ್ಲ. ಲದ್ದಿ ಇತ್ತು. ಏನೋ ಕಪ್ಪಗೆ ಇತ್ತು, ಸದ್ದಾಯ್ತು, ನಾನು ಓಡ್ದೆ. ಜಪ ಮಾಡಿದ್ದು ಓಡೋ ಮುಂಚೆನೋ ಮನೆಗೆ ಬಂದ ಮೇಲೋ, ಅದೂ ಗೊತ್ತಿಲ್ಲ.”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಲೆಕ್ಕ ತಪ್ಪಿದ ಮಗುವಿನ ಮುಖದಂತಿತ್ತು.

“ಹಂಗಾರೆ ಎಲ್ಡು ವರ್ಷ ನಾನು ಈ ದಾರೀಲಿ ಯಾವ ಧೈರ್ಯದ ಮೇಲೆ ಬಂದೆ?”

ಅವರು ದಿನಾ ಬಂದದ್ದು ನಿಜ, ನಾನೇ ಕಣ್ಣಾರೆ ಕಂಡಿದ್ದೇನೆ. ಬಂದದ್ದು ನನ್ನ ಹೂವನ್ನು ನಂಬಿ. ಹೂವು ಸುಳ್ಳು. ಹಾಗಿದ್ದರೆ ಅವರನ್ನು ದಾಟಿಸಿದ್ದು ಏನು?

ಬಸುರಿ ಹೆಂಗಸು ಮೊದಲು ಹಿಂದೆ ಸರಿದಳು. ಪಿಕಪ್‌ನವನು ಗಾಡಿಯ ಹಿಂದಿನ ಬಾಗಿಲು ಇಳಿಸಿ, “ಗಾಡಿ ಖಾಲಿ ಐತೆ ಅಮ್ಮ, ಲೈನ್ ತನಕ ಬಿಡ್ತೀನಿ” ಎಂದ.

“ತಾಯಿ ಯಾವತ್ತೂ ಗಾಡೀಲಿ ಹೋಗಿಲ್ಲ ಕಣಪ್ಪ. ನಡೆಸ್ಕೊಂಡೇ ಹೋಗ್ಬೇಕು.”

“ಮುಂದಿನ ಸೀಟಲ್ಲಿ ನಿಮ್ಮ ತೊಡೆ ಮೇಲೆ ಕೂರ್ಸ್ಕೊಳಿ. ಮರಿಯಮ್ಮ ನಮ್ ಕುರಾನಲ್ಲೂ ಅವ್ರೆ, ನಮ್ಗೂ ಬೇಕಾದೋರೇ, ಗುಂಡಿ ನೋಡ್ಕೊಂಡು ಮೆಲ್ಲಗೆ ಬಿಡ್ತೀನಿ.”

ದೊಡ್ಡಮ್ಮ ಹತ್ತಿದರು. ಪ್ರತಿಮೆಯ ಮೇಲೆ ಸೆರಗು ಹೊದಿಸಿದರು, ಅದಕ್ಕೆ ನಾಚಿಕೆಯಾಗಬಾರದು ಎನ್ನುವ ಹಾಗೆ. ಹಿಂದೆ ನಾವೆಲ್ಲ ಗೊಬ್ಬರದ ವಾಸನೆಯಲ್ಲಿ ಕಂಬಿ ಹಿಡಿದು ನಿಂತೆವು. ಯಾರೂ ಹಾಡಲಿಲ್ಲ.

ಅವರ ಮನೆಯಲ್ಲಿ ಜಪ ಮುಗಿದ ಮೇಲೆ ಸಾಕ್ಷಿಯ ಹೊತ್ತು ಬಂತು. “ರೈಟ್ರೇ, ಅಲ್ಲಿ ದಾರೀಲಿ ಹೇಳಿದ್ದನ್ನ ಇಲ್ಲಿ ಹೇಳಿ” ಎಂದರು ದೊಡ್ಡಮ್ಮ. ಎದ್ದು ಹೇಳಿದೆ. ಹೂವಿಲ್ಲ. ಲದ್ದಿ ಇತ್ತು, ಹೆದರಿಕೆ ಇತ್ತು. ದೇವರು ಇದ್ದನೇ ಎಂದು ಕೇಳಿದರೆ, ಇದ್ದಿರಬೇಕು, ನಾನು ಕಂಡದ್ದನ್ನೂ ಕಾಣದ್ದನ್ನೂ ಸರಿಯಾಗಿ ಬಲ್ಲವನು ಅವನೊಬ್ಬನೇ, ಎಂದೆ. ಕೊನೆಯ ಮಾತು ಬಾಯಿಗೆ ಬಂದಾಗ, ಇದೂ ಚೆನ್ನಾಗಿದೆ ಎಂದು ಒಳಗೆ ಯಾರೋ ಅಂದರು. ಅಲ್ಲಿಗೇ ಕೂತುಬಿಟ್ಟೆ. ಯಾರೂ ರೆಕಾರ್ಡ್ ಮಾಡಲಿಲ್ಲ. ಯಾರ ಉಸಿರೂ ಬಿಗಿಯಲಿಲ್ಲ. ಒಬ್ಬರು ಕಾಫಿಗೆ ಬೆಲ್ಲ ಕಡಿಮೆಯಾಗಿದೆ ಎಂದರು.

ಮರುದಿನ ಅವರು ಗವಿಗೆ ಬರಲಿಲ್ಲ. ಅದರ ಮರುದಿನವೂ. ಎಂಟು ದಿನ ನನ್ನ ಹೆಂಡತಿಯೇ ಮೇಣದಬತ್ತಿ ಹಚ್ಚಿದಳು, ಮೂರು ದಿನದ ಕತ್ತಲಿಗೆಂದು ತಂದಿದ್ದರಲ್ಲಿ. ನಾನು ಕಿಟಕಿಯಲ್ಲಿ ನಿಂತು ಹಳ್ಳದ ಬಾಯಿ ನೋಡುತ್ತಿದ್ದೆ. ಅವರು ಆನೆಗೆ ಸಿಗುವುದಿಲ್ಲ ಎಂಬ ನೆಮ್ಮದಿ ಇತ್ತು. ಆ ನೆಮ್ಮದಿ ನನಗೆ ಹಿಡಿಸಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಮಳೆ ಅಳೆಯಲು ಸ್ಟೋರಿಗೆ ಹೋಗಿದ್ದೆ, ರಸ್ತೆ ಸುತ್ತಿ ಬೈಕಿನಲ್ಲಿ. ದೊಡ್ಡಮ್ಮ ಚರ್ಚಿಗೆ ಹೊರಡುವ ಸೀರೆಯಲ್ಲಿ ಬಾಗಿಲಿಗೆ ಬಂದು ನಿಂತರು.

“ನಿಮ್ಮ ಫೋನಲ್ಲಿ ಏನ್ ಹೇಳ್ತದೆ?”

“ಎಲ್ಲಾ ಹೆತ್ತೂರು ಕಡೆ ಅಂತ ಅರಣ್ಯದೋರು ಹಾಕವ್ರೆ. ಇವತ್ತು ಬೇರೆ ಯಾರೂ ಏನೂ ಹಾಕಿಲ್ಲ.”

“ಹಂಗಾರೆ ನಡೀರಿ. ಬೈಕ್ ಇಲ್ಲೇ ಇರ್ಲಿ. ನೀವು ಎಲ್ಲಿ ನಿಂತಿದ್ರಿ ಅಂತ ತೋರ್ಸಿ.”

ಇಳಿದೆವು. ಅವರು ಮುಂದೆ, ನಾನು ಹಿಂದೆ. ಹಳ್ಳದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನೀರು ಕಲ್ಲಿನ ಮೇಲೆ ಹರಿಯುವ ಸದ್ದು, ಅವರ ಜಪದ ಗೊಣಗು. ನಾನು ನಿಂತ ಜಾಗವೆಂದು ಒಂದು ಹಲಸಿನ ಮರ ತೋರಿಸಿದೆ.

“ಬಂಡೆ ಅಂದಿದ್ರಿ.”

ಸುತ್ತ ನೋಡಿದೆ. ಬಂಡೆ ಇರಲಿಲ್ಲ. ಇನ್ನೂ ಕೆಳಗಿತ್ತೇನೋ, ಅಥವಾ ಬೇರೆ ಎಸ್ಟೇಟಿನ ಬೇರೆ ಹಳ್ಳದ ಬಂಡೆಯನ್ನು ಎತ್ತಿಕೊಂಡು ಬಂದಿದ್ದೆನೋ. ದೊಡ್ಡಮ್ಮ ಹಲಸಿನ ಬೇರಿನ ಮೇಲೆ ಕೂತರು. ಜಪಸರದ ಮಣಿಗಳನ್ನು ಎಣಿಸದೆ ಸುಮ್ಮನೆ ತಿರುಗಿಸುತ್ತಿದ್ದರು.

“ನಂಗೂ ಹೆದ್ರಿಕೆ ಆಗ್ತಿತ್ತು ಕಣಪ್ಪ ದಿನಾ,” ಎಂದರು. “ರೈಟ್ರಿಗೆ ಆಗ್ಲಿಲ್ಲವಲ್ಲ, ನನ್ನ ವಿಶ್ವಾಸನೇ ಕಮ್ಮಿ ಅಂತ ತಾಯಿ ಹತ್ರ ಅಳ್ತಿದ್ದೆ.”

ಇದನ್ನು ನಾನು ಎಣಿಸಿರಲಿಲ್ಲ. ನನ್ನ ಹೂವು ಅವರಿಗೆ ಧೈರ್ಯ ಕೊಟ್ಟಿರಲಿಲ್ಲ. ಎರಡು ವರ್ಷ ಅವರು ಹೆದರಿಕೆಯಿಂದಲೇ, ಹೆದರುವುದು ತಪ್ಪೆಂದು ಇನ್ನಷ್ಟು ಹೆದರಿ, ನಡೆದಿದ್ದರು. ಅಲ್ಲಿ ನಿಂತು ನಾನು ಪ್ರಾರ್ಥಿಸಿದೆ. ಈ ಸಲ ಖಂಡಿತ ಪ್ರಾರ್ಥಿಸಿದೆ, ಅವರು ಕೇಳಿಸಿಕೊಂಡಿದ್ದಾರೆ. ಕ್ಷಮಿಸು ಎಂದಷ್ಟೇ ಅಂದೆ. ಯಾರಿಗೆ ಹೇಳಿದೆ, ಅವರಿಗೋ ದೇವರಿಗೋ, ಆಗ ಎರಡೂ ಬೇರೆಯಾಗಿ ಕಾಣಲಿಲ್ಲ.

ಮೇಲೆ ಹತ್ತಿ ಗವಿಯ ಹತ್ತಿರ ಬರುತ್ತಿದ್ದಂತೆ ಸಿಗ್ನಲ್ ಬಂತು. ಫೋನು ಜೇಬಿನಲ್ಲಿ ಒಂದೇ ಸಮ ಬಡಿದುಕೊಂಡಿತು.

“ಎಲ್ಲಿ ಐತಂತೆ?” ಎಂದರು ದೊಡ್ಡಮ್ಮ, ಮೇಣದಬತ್ತಿ ಸರಿಮಾಡುತ್ತಾ.

ನೋಡಿದೆ. ಒಂದರಲ್ಲಿ ಹೆತ್ತೂರು. ಒಂದರಲ್ಲಿ ನಮ್ಮದೇ ಹಳ್ಳ.

“ಗೊತ್ತಿಲ್ಲ ದೊಡ್ಡಮ್ಮ.”

ಅವರು ಕಡ್ಡಿ ಗೀರಿ, ಗಾಳಿಗೆ ಕೈ ಅಡ್ಡ ಹಿಡಿದು ಹಚ್ಚಿದರು. “ಈ ಮಾತ್ನ ಎಲ್ಡು ವರ್ಷದ ಹಿಂದೆ ಹೇಳಕ್ಕೆ ಏನಾಗಿತ್ತು ಮಾರಾಯ ನಿಂಗೆ?” ಎಂದು ಬೆಂಕಿಪೆಟ್ಟಿಗೆ ನನ್ನ ಕೈಗಿಟ್ಟು, ಚರ್ಚಿನ ಪೂಜೆಗೆ ಹೊತ್ತಾಯಿತೆಂದು ರಸ್ತೆಗೆ ಇಳಿದರು.